ಆದಿನಾರಾಯಣಪ್ಪನವರ ಠೇವಣಿ

ಬಂದೂಕು ಹಿಡಿದು ಗೊತ್ತಿಲ್ಲದವರು ಬಂದೂಕಿನ ಕತೆ ಹೇಳಹೊರಟರೆ ಎಲ್ಲಾದರೂ ಒಂದು ಕಡೆ ತಪ್ಪಾಗುವುದು ಖಂಡಿತ. ಕಾನೂನು ಬಲ್ಲವರು, ಗುರಿ ಬಲ್ಲವರು, ಪೊಲೀಸ್ ಇಲಾಖೆಯವರು ಮೊದಲೇ ಕ್ಷಮಿಸಿಬಿಡಬೇಕು. ಇದನ್ನು ಹೇಳಲು ಇನ್ನೂ ತಿಳಿದವರೊಬ್ಬರು ಬೇಕಾಗಿತ್ತು. ಅಂಥವರು ಯಾರೂ ಬಾಯಿ ಬಿಡದ ಕಾರಣ, ಕೇಳಿದಷ್ಟನ್ನು ಕೇಳಿದ ಹಾಗೆ ಬರೆದಿದೆ.

ಎಲ್ಲಕ್ಕೂ ಮೂಲ ಒಂದು ಗ್ರೈಂಡರು. ನಾಲ್ಕು ದಿನದಿಂದ ಅಲ್ಲಾಡದೆ ನಿಂತಿದ್ದ ಅದು ಶುಕ್ರವಾರ ಬೆಳಿಗ್ಗೆ ಮತ್ತೆ ಕುಣಿಯತೊಡಗಿತು. ಆದಿನಾರಾಯಣಪ್ಪ ಬಗ್ಗಿ ನೋಡಿದರೆ, ಅದರ ಒಂದು ಕಾಲಿನ ಕೆಳಗೆ ಎಂಟು ಮಡಿಕೆಯ ಕಾಗದ. ಇನ್ನೊಂದು ಮಡಿಕೆ ಹೆಚ್ಚಿಸೋಣವೆಂದು ಬಿಡಿಸಿದರು. ಒಳಗೆ ದುಂಡನೆಯ ಸರ್ಕಾರಿ ಮೊಹರು ಕಂಡಿತು.

"ಮುನಿರತ್ನ, ಇದೆಲ್ಲಿತ್ತು?"

"ಸೋಮವಾರ ಪೊಲೀಸ್ ಕಾಂತರಾಜು ಕೊಟ್ಟೋದ. ಯಾವ್ದೋ ಎಲೆಕ್ಷನ್ ಚೀಟಿ ಅಂದ್ಕೊಂಡೆ. ದಪ್ಪಕ್ಕಿತ್ತು, ಕಾಲಿಗೆ ಕೊಟ್ಟೆ," ಎಂದರು ಹೆಂಡತಿ ಮುನಿರತ್ನಮ್ಮ, ಹಿಟ್ಟಿನ ಕೈಯಲ್ಲೇ.

ಅದು ನೋಟೀಸು. ಚುನಾವಣೆ ಮುಗಿದು ಎಣಿಕೆ ಆಗುವವರೆಗೆ ಪರವಾನಗಿದಾರರೆಲ್ಲ ತಮ್ಮ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇಡತಕ್ಕದ್ದು. ಕಡೆಯ ದಿನ ಇದೇ ಶುಕ್ರವಾರ, ಸಂಜೆ ಐದು ಗಂಟೆ. ತಪ್ಪಿದರೆ ಪರವಾನಗಿ ರದ್ದು.

ಬೇರೆ ವರ್ಷವಾಗಿದ್ದರೆ ಆದಿನಾರಾಯಣಪ್ಪ ಕಾಗದ ಓದಿದ ಕೂಡಲೇ ಹೋಗಿ ಇಟ್ಟು ಬರುತ್ತಿದ್ದರು. ಕೌಂಟರಿನ ಮುಂದೆ ತಾವೊಬ್ಬರೇ ಇದ್ದರೂ ಸಾಲಿನಲ್ಲಿ ನಿಂತ ಹಾಗೆ ನಿಲ್ಲುವ ಜೀವ ಅದು. ಆದರೆ ಈ ಸಲ ಭಾನುವಾರ ಪಂದ್ಯವಿತ್ತು.

ಪಂದ್ಯದ ವಿಷಯ ಸ್ವಲ್ಪ ಹೇಳಬೇಕು. ಅವರದು ಒಂಟಿ ನಳಿಗೆಯ ಬಂದೂಕು, ಬೆಳೆ ಕಾಯಲೆಂದು ತಂದೆಯವರು ಪಡೆದದ್ದು. ಅವರ ಊರು ಜಡಿಗೇನಹಳ್ಳಿಯ ಸುತ್ತ ಲೇಔಟುಗಳೆದ್ದು ಕಾಡುಹಂದಿಗಳು ಎಂದೋ ಜಾಗ ಖಾಲಿ ಮಾಡಿದ್ದವು. ಬಂದೂಕಿನ ಚಟ ಮಾತ್ರ ಉಳಿದಿತ್ತು. ಭಾನುವಾರ ಬೆಳಿಗ್ಗೆ ಹೊಲದ ಮೂಲೆಯಲ್ಲಿ ಮುನಿರತ್ನಮ್ಮ ಒಣಗಿದ ಬೆರಣಿಯನ್ನು ಗಾಳಿಗೆ ಎಸೆಯಬೇಕು, ಇವರು ಹೊಡೆಯಬೇಕು. ನಲವತ್ತು ವರ್ಷದಲ್ಲಿ ಅವರ ಗುಂಡಿಗೆ ಸತ್ತ ಪ್ರಾಣಿ ಒಂದೂ ಇಲ್ಲ. ಸತ್ತ ಬೆರಣಿ ಮಾತ್ರ ಒಲೆಗೇ ಉಳಿಯದಷ್ಟು. ಈಗ ಗುರಿಕಾರರ ಸಂಘವೊಂದು ಅರವತ್ತು ದಾಟಿದವರಿಗೆಂದೇ ಪಂದ್ಯ ಇಟ್ಟಿತ್ತು: ಗಾಳಿಗೆ ಎಸೆದ ಮಣ್ಣಿನ ಬಿಲ್ಲೆ ಹೊಡೆಯುವುದು. ಬೆರಣಿಯನ್ನಲ್ಲದೆ ಬೇರೇನನ್ನೂ ಹೊಡೆಯದ ಅವರಿಗೆ ಮೊದಲ ಸಲ, ಅಚ್ಚು ಮಾಡಿದ ಕಾಗದದಲ್ಲಿ ತಮ್ಮ ಹೆಸರು ಕಂಡಿತ್ತು. ಸ್ಪರ್ಧಿ ಸಂಖ್ಯೆ ಹದಿನೇಳು.

ಕಾಗದ ಹಿಡಿದುಕೊಂಡು ಅವರು ಟೀ ಅಂಗಡಿಗೆ ಹೋದರು. ಅಲ್ಲಿ ಊರಿನ ಇನ್ನಿಬ್ಬರು ಬಂದೂಕಿನ ಯಜಮಾನರಿದ್ದರು, ವೆಂಕಟರಮಣಪ್ಪ ಮತ್ತು ಗೋಪಾಲಪ್ಪ. ಇಬ್ಬರೂ ಮಂಗಳವಾರವೇ ತಮ್ಮ ಬಂದೂಕು ಒಪ್ಪಿಸಿ ಬಂದಿದ್ದರು. ಅಂದಿನಿಂದಲೂ ಅದರ ಮೇಲೆಯೇ ಜಗಳವಾಡುತ್ತಿದ್ದರು.

"ಲೈಸೆನ್ಸ್ ತಗೊಂಡಿರೋ ನಾವೇನು ಕಳ್ರಾ?" ಎಂದು ವೆಂಕಟರಮಣಪ್ಪ ಲೋಟ ಕುಕ್ಕಿದರು. "ನಮ್ಮ ಹೆಸರು, ವಿಳಾಸ, ಫೋಟೋ ಎಲ್ಲಾ ಅವ್ರ ಹತ್ರ ಐತೆ. ಕಳ್ಳಪಿಸ್ತೂಲ್ ಇಟ್ಕೊಂಡಿರೋನು ನೋಟೀಸ್ ಓದ್ಕೊಂಡು ಬಂದು ಸಾಲಲ್ಲಿ ನಿಂತ್ಕೊಂತಾನಾ?"

"ನಮ್ಮ ಹತ್ರಾನೂ ಇರಬಾರ್ದು ಕಣಯ್ಯ," ಎಂದರು ಗೋಪಾಲಪ್ಪ. "ನಂಗೆ ಕೋಪ ಬಂದ್ರೆ ಚಪ್ಪಲಿ ಎಲ್ಲಿ ಬಿಟ್ಟಿದೀನಿ ಅನ್ನೋದೇ ಮರೆತೋಗುತ್ತೆ. ಬಂದೂಕ ಎಲ್ಲಿದೆ ಅನ್ನೋದು ಮಾತ್ರ ನೆನಪಿರುತ್ತೆ. ನೀನೇ ಹೇಳು, ಒಳ್ಳೇದಾ ಅದು?"

"ಹಂಗಾದ್ರೆ ಸರ್ಕಾರಕ್ಕೆ ಕೊಟ್ಬಿಡು."

"ಕೊಡ್ಬೋದು. ಆದ್ರೆ ನಂಗೆ ಕೊಡು ಅಂತ ನನ್ನ ತಮ್ಮ ಕೇಳ್ತವ್ನೆ. ಅವನಿಗೆ ನಂಗಿಂತ ಕೋಪ."

ಆದಿನಾರಾಯಣಪ್ಪ ಮಧ್ಯೆ ಬಾಯಿ ಹಾಕಿ ಭಾನುವಾರದ ಕಷ್ಟ ಹೇಳಿಕೊಂಡರು.

"ಪಂದ್ಯ ಆಡೋರಿಗೆ ವಿನಾಯ್ತಿ ಐತೆ ಕಣೋ ಆದಿ," ಎಂದರು ವೆಂಕಟರಮಣಪ್ಪ. "ಬಂದೂಕಾನೂ ಹಿಡ್ಕೊಂಡು ನಡಿ, ವಿನಾಯ್ತಿ ಕೇಳು. ಕೊಡ್ಲಿಲ್ಲ ಅಂದ್ರೆ ಅಲ್ಲೇ ಇಟ್ಟು ಬಾ. ನಾವಿಬ್ರೂ ಬೈಕಲ್ಲಿ ಮುಂದೆ ಹೋಗಿರ್ತೀವಿ. ಮಾತಾಡೋದು ನಂಗೆ ಬಿಡು."

"ಅವನು ಮಾತಾಡ್ದಂಗೆ ನೋಡ್ಕೊಳ್ಳೋದು ನಂಗೆ ಬಿಡು," ಎಂದರು ಗೋಪಾಲಪ್ಪ.

ಬಂದೂಕನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ, ಎರಡು ಕಡೆ ದಾರ ಕಟ್ಟಿ, ಬಾಣಂತಿಯ ಕೂಸಿನ ಹಾಗೆ ಎದೆಗವಚಿಕೊಂಡು ಆದಿನಾರಾಯಣಪ್ಪ ಬಸ್ಸು ಹತ್ತಿದರು. ಠಾಣೆಗೆ ಅರ್ಧ ಗಂಟೆಯ ದಾರಿ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಬಿಗೊರಗಿ ನಿಂತರು. ಪಕ್ಕದ ಸೀಟಿನಲ್ಲಿ ಸೊಪ್ಪಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದ ದ್ಯಾವಮ್ಮನೆಂಬ ಮುದುಕಿ ಮೇಲೆ ನೋಡಿದಳು.

"ಎಲ್ಲೀಗಪ್ಪಾ ಇಷ್ಟು ಅವಸರದಲ್ಲಿ?"

"ಠೇವಣಿ ವಿಚಾರ ಕಣಮ್ಮ. ಇವತ್ತೇ ಕೊನೇ ದಿನ."

"ಅಯ್ಯೋ ಶಿವನೇ, ನೀನೂ ನಿಂತಿದ್ದೀಯಾ?"

"ಇಲ್ಲಮ್ಮ, ನಾನು ನಿಂತಿಲ್ಲ."

"ಮತ್ತೆ ಕೂತಿದ್ದೀಯೇನಪ್ಪ? ಲೇ ಮಗಾ, ಏಳು, ಕ್ಯಾಂಡಿಡೇಟು ನಿಂತವ್ರೆ."

ಪಕ್ಕದವನು ಎದ್ದ. ಆದಿನಾರಾಯಣಪ್ಪನವರನ್ನು ನಾಲ್ಕು ಕೈಗಳು ಹಿಡಿದು ಕೂರಿಸಿದವು. ಅವರು ನಿಜಸಂಗತಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ದ್ಯಾವಮ್ಮ ತನ್ನ ಬೀದಿಯ ಮೋರಿಯ ಕತೆ ಶುರುಮಾಡಿದ್ದಳು. ಹಿಂದಿನ ಸೀಟಿನವನಿಗೆ ಬೀದಿದೀಪ ಬೇಕಿತ್ತು. ಕಂಡಕ್ಟರಿಗೆ ಕೊನೆಯ ನಿಲ್ದಾಣದಲ್ಲಿ ಒಂದು ಕಕ್ಕಸು ಬೇಕಿತ್ತು.

"ಗೆದ್ಮೇಲೆ ಈ ಬಸ್ಸಲ್ಲಿ ಬರ್ತೀರಾ ಸಾರ್?" ಎಂದು ಹಿಂದಿನಿಂದ ಯಾರೋ ಚುಚ್ಚಿದರು.

ಆದಿನಾರಾಯಣಪ್ಪನವರಿಗೆ ಆ ಕ್ಷಣ ಗೆಲ್ಲುವುದೆಂದರೆ ಭಾನುವಾರದ್ದು. "ಗೆಲ್ತೀನೋ ಇಲ್ವೋ, ಬಸ್ಸಲ್ಲಂತೂ ಬರ್ತೀನಪ್ಪ," ಎಂದುಬಿಟ್ಟರು. ಬಸ್ಸಿನಲ್ಲಿ ಚಪ್ಪಾಳೆ ಬಿತ್ತು.

ಆಗ ರಸ್ತೆಯುಬ್ಬು ಬಂತು. ಬಸ್ಸು ಎದ್ದು ಕುಕ್ಕಿತು. ದಾರ ಕಿತ್ತು, ದುಪ್ಪಟಿ ಮದುಮಗಳ ಸೆರಗಿನ ಹಾಗೆ ಮೆಲ್ಲಗೆ ಜಾರಿತು. ಕಪ್ಪನೆಯ ನಳಿಗೆ ಬಸ್ಸಿನ ಛಾವಣಿ ನೋಡುತ್ತ ನಿಂತಿತು.

ದ್ಯಾವಮ್ಮ ಬುಟ್ಟಿಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

"ಮೋರಿ ವಿಷ್ಯಕ್ಕೆ ಆತುರ ಇಲ್ಲಪ್ಪ. ನಿಧಾನಕ್ಕೆ ನೋಡ್ಕೊ. ವೋಟು ನಿಂಗೇ."

"ನಮ್ಮನೇಲಿ ಆರು ವೋಟಿದೆ ಸಾರ್," ಎಂದ ಬೀದಿದೀಪದವನು. "ಆರೂ ನಿಮ್ಗೇ."

"ಇದು ಠಾಣೆಗೆ ಕೊಡೋಕೆ..." ಎಂದು ಆದಿನಾರಾಯಣಪ್ಪ ಬೇಡಿಕೊಂಡರು. ಠಾಣೆ ಎಂದು ಕೇಳಿದ್ದೇ ಕೆಲವರು ಅಲ್ಲೇ ಇಳಿದುಬಿಟ್ಟರು. ಕಂಡಕ್ಟರು ಟಿಕೆಟ್ ಬೇಡವೆಂದು ಕೈಮುಗಿದ. ಇವರು ಹಟ ಹಿಡಿದು ಟಿಕೆಟ್ ಕೊಂಡರು, ಬಂದೂಕಿಗೂ ಒಂದು ಲಗೇಜ್ ಚೀಟಿ ಕೊಡು ಎಂದರು. ಅವನು ಎರಡನ್ನೂ ಹರಿದು ದೂರದಿಂದಲೇ ಚಾಚಿದ.

ಠಾಣೆ ತಲುಪುವಾಗ ಮಧ್ಯಾಹ್ನ ಎರಡು. ಗೆಳೆಯರಿಬ್ಬರೂ ಬಾಗಿಲಲ್ಲೇ ಕಾದಿದ್ದರು. ಮೇಜಿನ ಹಿಂದೆ ಹೆಡ್ ಕಾನ್ಸ್‌ಟೇಬಲ್ ರೂಪ ಅಚ್ಚಾದ ಠೇವಣಿ ರಸೀದಿಯ ಪುಸ್ತಕ ಬಿಡಿಸಿಕೊಂಡು ಕೂತಿದ್ದರು.

"ವಿನಾಯ್ತಿ ಸಾಹೇಬ್ರು ಹೇಳ್ಬೇಕು. ಮೊದ್ಲು ವಿವರ ಕೊಡಿ. ಬೋರ್ ಎಷ್ಟು ಯಜಮಾನ್ರೇ?"

ಆದಿನಾರಾಯಣಪ್ಪನವರ ತಲೆ ಇನ್ನೂ ಬಸ್ಸಿನಲ್ಲೇ ಇತ್ತು. "ಎರಡು ಹಾಕ್ಸಿದ್ವಿ ಮೇಡಂ. ಒಂದು ಫೇಲಾಯ್ತು."

"ಒಂದು ಬಂದೂಕಕ್ಕೆ ಎರಡು ಬೋರಾ?"

"ಇಲ್ಲ, ದ್ರಾಕ್ಷಿಗೆ. ಸಾವಿರದಿನ್ನೂರು ಅಡಿ ಹೋಗಿದೆ."

ರೂಪ ಮೇಜಿನ ಮೇಲಿದ್ದ ಬಂದೂಕನ್ನು ಆ ತುದಿಯಿಂದ ಈ ತುದಿಗೆ ನೋಡಿದರು. "ತೋಟಾ ಎಷ್ಟಿದೆ?"

"ಎರಡೆಕ್ರೆ ಹನ್ನೆರಡು ಗುಂಟೆ."

"ಮೇಡಂ, ಅವನು ಹೊಲದ ಲೆಕ್ಕ ಹೇಳ್ತವ್ನೆ," ಎಂದು ಗೋಪಾಲಪ್ಪ ಅಡ್ಡ ಬಂದರು. "ನಳಿಗೆ ಹನ್ನೆರಡು ಬೋರು. ಮದ್ದಿನ ತೋಟಾ ಐದು."

ಅಷ್ಟರಲ್ಲಿ ಸಬ್ ಇನ್ಸ್‌ಪೆಕ್ಟರ್ ಉಮಾಶಂಕರ್ ಒಳಗಿನಿಂದ ಬಂದರು. ಅವರ ಮುಖ ಆಗತಾನೆ ಇಸ್ತ್ರಿ ಮಾಡಿದ ಸಮವಸ್ತ್ರದಂತೆ, ಎಲ್ಲಿಯೂ ಒಂದು ಸುಕ್ಕಿಲ್ಲ.

"ರೂಪ, ಐದು ಫೋನ್ ಬಂತು. ಯಾರೋ ಕ್ಯಾಂಡಿಡೇಟು ಬಸ್ಸಲ್ಲಿ ಬಂದೂಕ ತೋರಿಸಿ ವೋಟು ಕೇಳ್ತಿದ್ದಾನಂತೆ. ವಯಸ್ಸಾದೋನು, ಕೈಲಿ ದುಪ್ಪಟಿ..."

ಅವರ ಕಣ್ಣು ಮೇಜಿನ ಮೇಲೆ ಬಿತ್ತು. ಆಮೇಲೆ ಆದಿನಾರಾಯಣಪ್ಪನವರ ಮೇಲೆ ಬಿತ್ತು.

ಮೋರಿ, ಬೀದಿದೀಪ, ರಸ್ತೆಯುಬ್ಬು ಎಲ್ಲವನ್ನೂ ಆದಿನಾರಾಯಣಪ್ಪ ಬೆವರುತ್ತ ವಿವರಿಸಿದರು. ಕೊನೆಗೆ ಪಂದ್ಯದ ಕಾಗದ ಮುಂದಿಟ್ಟು, "ಭಾನುವಾರ ಒಂದಿನ ಸಾರ್. ಅದಾದ್ಮೇಲೆ ಎಷ್ಟು ದಿನ ಬೇಕಾದ್ರೂ ಇಟ್ಕೊಳ್ಳಿ. ಬರೋ ವರ್ಷಕ್ಕೆ ನನ್ನ ಕಣ್ಣು ಇಷ್ಟು ಕಾಣುತ್ತೋ ಇಲ್ವೋ," ಎಂದರು.

"ಆಟಗಾರರು ಅನ್ನೋದಕ್ಕೆ ಸಾಕ್ಷಿ?"

"ಹಾರೋ ಬೆರಣಿನ ಗಾಳೀಲೇ ಪುಡಿ ಮಾಡ್ತಾನೆ ಸಾರ್," ಎಂದರು ವೆಂಕಟರಮಣಪ್ಪ. "ಒಂದು ಏಟು ದಂಡ ಮಾಡಲ್ಲ."

"ಅಷ್ಟು ಗುರಿ ಇದೆಯಾ? ಹಂಗಾದ್ರೆ ಎಲೆಕ್ಷನ್ ಟೈಮಲ್ಲಿ ಅಪಾಯದ ಮನುಷ್ಯ."

"ಅಷ್ಟೇನಿಲ್ಲ ಸಾರ್," ಎಂದು ಗೋಪಾಲಪ್ಪ ಗೆಳೆಯನನ್ನು ಉಳಿಸಲು ಧಾವಿಸಿದರು. "ಹೋದ ತಿಂಗಳು ಬೆರಣಿಗೆ ಗುರಿ ಇಟ್ಟಿದ್ದು ನಮ್ಮ ನೀರಿನ ಟ್ಯಾಂಕಿಗೆ ಬಿತ್ತು."

"ಗುರಿನೇ ಇಲ್ಲ ಅಂದ್ಮೇಲೆ ಪಂದ್ಯ ಯಾಕೆ?"

ಆದಿನಾರಾಯಣಪ್ಪ ಇಬ್ಬರ ಮುಖವನ್ನೂ ನೋಡಿದರು. "ಎರಡೂ ಉಂಟು ಸಾರ್. ಒಂದೊಂದ್ಸಲ ಹಂಗೆ, ಒಂದೊಂದ್ಸಲ ಹಿಂಗೆ."

ಇನ್ನು ತಡೆಯಲಾರದೆ ವೆಂಕಟರಮಣಪ್ಪ ಎದ್ದು ನಿಂತು ಪಂಚೆ ಬಿಗಿದು ಕಟ್ಟಿದರು. "ಸಾರ್, ತಪ್ಪು ತಿಳ್ಕೋಬೇಡಿ. ಈ ಬಂದೂಕ ಏನ್ ಮಾಡೈತೆ? ಇದು ಕಬ್ಬಿಣ, ಮರ. ಗೂಟಕ್ಕೆ ನೇತಾಕಿದ್ರೆ ನೂರು ವರ್ಷ ಅಲ್ಲೇ ಇರುತ್ತೆ. ಬಸ್ ಹತ್ತಲ್ಲ, ಜಗಳ ಆಡಲ್ಲ, ವೋಟು ಕೇಳಲ್ಲ. ಎಲ್ಲಾ ಮಾಡೋನು ಮನುಷ್ಯ. ಬಂದೂಕದ ಪಾಡಿಗೆ ಬಂದೂಕ ಬಿಡಿ ಸಾರ್. ಕಂಟ್ರೋಲ್ ಮಾಡೋದಿದ್ರೆ ಮನುಷ್ಯನ್ನ ಮಾಡಿ."

"ಅದನ್ನೇ ನಾನೂ ಹೇಳ್ತಿರೋದು ಸಾರ್," ಎಂದರು ಗೋಪಾಲಪ್ಪ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಇಬ್ಬರಿಗೂ ಒಂದು ಮಾತಿನಲ್ಲಿ ಒಮ್ಮತವಾಗಿತ್ತು.

ಉಮಾಶಂಕರ್ ಸ್ವಲ್ಪ ಹೊತ್ತು ಬಂದೂಕನ್ನು, ಸ್ವಲ್ಪ ಹೊತ್ತು ಆದಿನಾರಾಯಣಪ್ಪನವರನ್ನು ನೋಡಿದರು. ಒಳಗೆ ಹೋಗಿ ಮೇಲಿನವರಿಗೆ ಫೋನು ಮಾಡಿ ಬಂದರು.

"ವಿನಾಯ್ತಿ ಸಿಕ್ತು," ಎಂದರು.

ಆದಿನಾರಾಯಣಪ್ಪನವರ ಕಣ್ಣಲ್ಲಿ ನೀರು ಬಂತು. ವೆಂಕಟರಮಣಪ್ಪ ಅವರ ಬೆನ್ನಿಗೆ ಗುದ್ದಿದರು.

"ನೀವು ಹೇಳಿದ್ದು ನ್ಯಾಯ," ಎಂದು ಉಮಾಶಂಕರ್ ಮುಂದುವರಿಸಿದರು. "ಬಂದೂಕದ್ದೇನೂ ತಪ್ಪಿಲ್ಲ. ಕಾಂತರಾಜು, ಇದನ್ನ ಜೀಪಲ್ಲಿ ಹುಷಾರಾಗಿ ಇವರ ಮನೆಗೆ ತಲುಪಿಸಿ ಬಾ. ರೂಪ, ಯಜಮಾನ್ರನ್ನ ಠೇವಣಿ ಬರ್ಕೊಳ್ಳಿ. ಎಣಿಕೆ ಮುಗಿಯೋತನಕ, ದಿನಾ ಹತ್ತರಿಂದ ಐದು."

ಮುಖದಲ್ಲಿ ಸುಕ್ಕಿರಲಿಲ್ಲ. ಅಷ್ಟು ಹೇಳಿ ಅವರು ಚುನಾವಣಾ ಸಭೆಗೆಂದು ಹೊರಟುಹೋದರು.

ಬೇರೆ ನಮೂನೆ ಇರಲಿಲ್ಲವಾದ್ದರಿಂದ ರೂಪ ಅದೇ ರಸೀದಿ ತುಂಬಿದರು. ವಿಧ: ಒಂಟಿ. ಉದ್ದ: ಐದಡಿ ನಾಲ್ಕಂಗುಲ. ಸ್ಥಿತಿ: ಹಳೆಯದು, ಕೆಲಸ ಮಾಡುತ್ತದೆ. ಗುರುತು: ಬಲಗಿವಿಯ ಕೆಳಗೆ ಮಚ್ಚೆ. ತೋಟಾ: ಇಲ್ಲ.

"ಬೋರ್?" ಎಂದು ರೂಪ ಪೆನ್ನು ಎತ್ತಿದರು.

"ಸ್ವಲ್ಪ ಇದೆ ಮೇಡಂ," ಎಂದರು ಗೋಪಾಲಪ್ಪ. "ಮಾತಿಗೆ ಕೂತ್ರೆ ಗೊತ್ತಾಗುತ್ತೆ."

ಆದಿನಾರಾಯಣಪ್ಪ ಬೆಂಚಿನ ತುದಿಯಲ್ಲಿ, ಜಾಗ ಹೆಚ್ಚು ಹಿಡಿಯದ ಹಾಗೆ ಕೂತರು. ಕಿಟಕಿಯಲ್ಲಿ ಜೀಪು ಹೊರಟದ್ದು ಕಂಡಿತು. ಹಿಂದಿನ ಸೀಟಿನಲ್ಲಿ ಬಂದೂಕು ದುಪ್ಪಟಿ ಹೊದ್ದು ಒರಗಿತ್ತು, ಪಕ್ಕದಲ್ಲಿ ಕಾಂತರಾಜು ಅದು ಜಾರದಂತೆ ಹೆಗಲ ಮೇಲೆ ಕೈ ಹಾಕಿದ ಹಾಗೆ ಹಿಡಿದಿದ್ದ.

ಮೂರೂವರೆಗೆ ಮುನಿರತ್ನಮ್ಮನ ಫೋನು ಬಂತು. "ಬಂದೂಕ ಬಂತು. ನೀವೆಲ್ಲಿ?"

"ನನ್ನನ್ನ ಇಟ್ಕೊಂಡವ್ರೆ. ಎಣಿಕೆ ಮುಗಿಯೋವರ್ಗೂ. ಸಂಜೆ ಮನೆಗೆ ಬಿಡ್ತಾರೆ."

"ದಿನಾ ಮಧ್ಯಾಹ್ನ ಊಟ ಕೊಡ್ತಾರಾ?"

"ಕೊಡ್ತಾರಂತೆ."

"ಹಂಗಾದ್ರೆ ಇರಿ," ಎಂದು ಮುನಿರತ್ನಮ್ಮ ಫೋನಿಟ್ಟರು. ಅವರ ದನಿಯಲ್ಲಿ ಬೇಸರವಿತ್ತೆಂದು ಹೇಳಲಾಗದು.

ಐದು ಗಂಟೆಗೆ ಏಳುವ ಮೊದಲು ಆದಿನಾರಾಯಣಪ್ಪ ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಮೇಜಿನ ಬಳಿಗೆ ಹೋದರು. "ಮೇಡಂ, ಭಾನುವಾರ ರಜಾ ಇರುತ್ತಾ?"

"ಠೇವಣಿಗೆ ಭಾನುವಾರ, ಸೋಮವಾರ ಅಂತ ಇರುತ್ತಾ ಯಜಮಾನ್ರೇ?" ಎಂದರು ರೂಪ, ತಲೆಯೆತ್ತದೆ.

ಭಾನುವಾರ ಪಂದ್ಯ ನಡೆಯಿತು. ಹದಿನೇಳನೆಯ ಸ್ಪರ್ಧಿಯ ಹೆಸರನ್ನು ಮೂರು ಸಲ ಕೂಗಿ ಬಿಟ್ಟರಂತೆ. ಬಂದೂಕಿಗೆ ವಿನಾಯ್ತಿ ಇತ್ತು, ಅದು ಮನೆಯ ಗೂಟದಲ್ಲಿ ಬಿಡುವಾಗಿಯೇ ಇತ್ತು. ಅದರ ಯಜಮಾನರು ಠಾಣೆಯ ಬೆಂಚಿನ ಮೇಲೆ ಕೂತು, ಗೋಡೆಯ ಗಡಿಯಾರಕ್ಕೆ ಸುಮ್ಮನೆ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

ಉಮಾಶಂಕರ್ ಅವರಿಗೆ ಶನಿವಾರವೇ ಬೇರೆ ಕಡೆಗೆ ವರ್ಗವಾಗಿತ್ತು. ಹೊಸದಾಗಿ ಬಂದವರು ಬೆಂಚಿನ ಮೇಲಿನ ಹಿರಿಯರಿಗೆ ದಿನಾ ಬೆಳಿಗ್ಗೆ ತಲೆ ಆಡಿಸಿ ಒಳಗೆ ಹೋಗುತ್ತಿದ್ದರು. ಇವರೂ ಎದ್ದು ಕೈಮುಗಿದು ಮತ್ತೆ ಕೂರುತ್ತಿದ್ದರು. ಅಂದು ಉಮಾಶಂಕರ್ ಆ ಠೇವಣಿಯ ಮಾತನ್ನು ತಮಾಷೆಗೆ ಹೇಳಿದ್ದರೋ, ನಿಜಕ್ಕೇ ಹೇಳಿದ್ದರೋ, ತಿಳಿಯದು. ಕೇಳಿ ತಿಳಿದುಕೊಳ್ಳಬಹುದಿತ್ತು. ಆದಿನಾರಾಯಣಪ್ಪ ಕೇಳಲಿಲ್ಲ, ಬೇರೆ ಯಾರೂ ಕೇಳಲಿಲ್ಲ.