ಮೂ-ಏಳು ಮತ್ತು ಗಂಗವ್ವ ಕಾಕುವಿನ ಬಾಟಲಿ

ಎಂಬತ್ತರ ದಶಕದ ಮಾತು. ನವಲಗುಂದದ ನಮ್ಮ ಕಚೇರಿಯಲ್ಲಿ ನೌಕರರ, ಅವರ ಅವಲಂಬಿತರ ಔಷಧೋಪಚಾರದ ಬಿಲ್ಲುಗಳೆಲ್ಲ ಮಂಜೂರಾತಿಗೆ ನನ್ನ ಮೇಜಿಗೇ ಬಂದು ಬೀಳುತ್ತಿದ್ದವು. ಒಂದೊಂದು ಪರೀಕ್ಷೆಗೆ ಒಂದೊಂದು ಸಂಕೇತ. ರಕ್ತದ ಪ್ರೋಟೀನ್ ಪರೀಕ್ಷೆ ‘ರ-ನಾಲ್ಕು’, ಮೂತ್ರದ್ದು ‘ಮೂ-ಏಳು’. ಸಂಕೇತ ತಪ್ಪಿದರೆ ಬಿಲ್ಲು ವಾಪಸ್! ಕೆಂಪು ಶಾಯಿಯಲ್ಲಿ ‘ಆಕ್ಷೇಪಣೆ’ ಎಂದು ಬರೆಯುವಾಗಿನ ಸುಖ ನನಗೆ ಹೋಳಿಗೆ ಊಟದಲ್ಲೂ ಸಿಗುತ್ತಿರಲಿಲ್ಲ. ನನ್ನಷ್ಟು ತಿಳಿದವನು ಇಡೀ ತಾಲೂಕಿನಲ್ಲಿ ಇಲ್ಲವೆಂದು ನಂಬಿದ್ದೆ.

ಹೀಗಿರಲು ನನ್ನ ಹೆಂಡತಿ ನೀಲಾ ಚೊಚ್ಚಲ ಬಸುರಿಯಾದಳು. ತವರು ಶಲವಡಿ. ಅಲ್ಲಿ ಅವಳ ಅವ್ವ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಸೀರೆ ತಂದಿಟ್ಟುಕೊಂಡು ಕಾಯುತ್ತಿದ್ದಳು. ಹೆರಿಗೆಯೂ ಅಲ್ಲೇ ಎಂದು ನೀಲಾ ಟ್ರಂಕು ತುಂಬಿದ್ದೂ ಆಗಿತ್ತು. ಅಷ್ಟರಲ್ಲಿ ಅವಳ ಕಾಲು ಬಾತವು. ಊರಿನ ಲೇಡಿ ಡಾಕ್ಟರು, ಎಲ್ಲರ ಬಾಯಲ್ಲೂ ‘ಡಾಕ್ಟರ್ ಬಾಯಾರು’, ನೋಡಿ ಹೇಳಿದರು:

“ನಾಳೆ ಮೂತ್ರ ತರ್ರಿ. ಅದರಾಗ ಪ್ರೋಟೀನ್ ಹೊಂಟಿದ್ರ ತವರಿಗೆ ಕಳಸೂದು ಬ್ಯಾಡ. ಇಲ್ಲೇ ನನ್ನ ಕಣ್ಣಮುಂದ ಇರಬೇಕು.”

ನೀಲಾಳ ಮುಖ ಸಣ್ಣದಾಯಿತು. ನನಗೋ ಹುರುಪು!

“ಅಂಜಬ್ಯಾಡ. ಇದು ಮೂ-ಏಳು. ಎಲ್ಲಾ ನಾ ನೋಡ್ಕೋತೀನಿ.”

ಮನೆಯಲ್ಲಿ ಸಣ್ಣ ಬಾಟಲಿ ಇರಲಿಲ್ಲ. ಬಾಜೂ ಮನೆಯ ಗಂಗವ್ವ ಕಾಕುವಿಗೆ, ಯಾತಕ್ಕೆಂದು ಹೇಳಲು ನಾಚಿಕೊಂಡು, ಒಂದು ಬಾಟಲಿ ಬೇಕಿತ್ತು ಎಂದಷ್ಟೇ ಕೇಳಿದೆ. ಔಷಧದ ಕಂದು ಬಾಟಲಿಯೊಂದನ್ನು ಕೊಟ್ಟಳು. ತಳದಲ್ಲಿ ಒಂದಿಷ್ಟು ಹಾಲಿತ್ತು. ಬಸುರಿ ಇರುವ ಮನೆಗೆ ಬರಿ ಪಾತ್ರೆ ಕೊಡುವುದುಂಟೇ! ನಾನು ಆ ಹಾಲನ್ನು ನನ್ನ ಚಹಾಕ್ಕೆ ಸುರಿದುಕೊಂಡು ಬಾಟಲಿಯನ್ನು ನೀಲಾಳಿಗೆ ಕೊಟ್ಟೆ.

“ತೊಳದೀರೇನ್ರಿ?”

“ಹ್ಞೂಂ, ಹ್ಞೂಂ” ಎಂದೆ. ಆಗ ನಾನು ಬಾಟಲಿಗೆ ಅಂಟಿಸುವ ಚೀಟಿಯ ಮೇಲೆ ದುಂಡಗೆ ‘ಮೂ-ಏಳು’ ಬರೆಯುವುದರಲ್ಲಿ ಮುಳುಗಿದ್ದೆ.

ಲ್ಯಾಬಿನವನು ರಸೀದಿಯಲ್ಲಿ ಬರೀ ‘ಮೂತ್ರ ಪರೀಕ್ಷೆ’ ಎಂದು ಗೀಚಿದ.

“ಸಂಕೇತ ಹಾಕ್ರಿ!” ಎಂದೆ.

“ಮೊದಲ ಟೆಸ್ಟ್ ಮಾಡೂಣು ತಡೀರಿ, ಸಾಹೇಬ್ರ.”

“ಟೆಸ್ಟ್ ಆಮ್ಯಾಲೆ. ಮೊದಲ ಸಂಕೇತ!”

ಹಾಕಿಸಿಯೇ ಬಿಟ್ಟೆ. ಅವನು ಗಾಜಿನ ಕೊಳವೆಯಲ್ಲಿ ಕಾಯಿಸಿ ಆಮ್ಲದ ಹುಳಿ ಹನಿ ಬಿಟ್ಟ. ಬೆಳ್ಳಗೆ ಒಡೆಯಿತು! ಅಂದರೆ ಪ್ರೋಟೀನ್ ಇದೆ. ಡಾಕ್ಟರ್ ಬಾಯಾರು ತಲೆ ಅಲ್ಲಾಡಿಸಿದರು. ಶಲವಡಿ ರದ್ದು.

ಸಂಜೆ ನೀಲಾ ಟ್ರಂಕಿನಿಂದ ಒಂದೊಂದೇ ಸೀರೆ ತೆಗೆದು ಕಪಾಟಿಗೆ ಇಡುತ್ತಿದ್ದಳು.

“ಕೂಸಿಗೆ ಏನರ ಆಗತದೇನ್ರಿ?” ಎಂದು ಮೆಲ್ಲಗೆ ಕೇಳಿದಳು.

ಯಾವ ಸಂಕೇತ ಕೇಳಿದ್ದರೂ ತಟ್ಟನೆ ಹೇಳುತ್ತಿದ್ದೆ. ಇದಕ್ಕೆ ಯಾವ ಸಂಕೇತವೂ ಇರಲಿಲ್ಲ. ಎಲ್ಲರ ಕಾಯಿಲೆಗಳನ್ನೂ ಬರೀ ಅಕ್ಷರ, ಅಂಕಿ ಎಂದು ಓದುತ್ತಿದ್ದವನಿಗೆ ಅಂದು ನಿಜವಾದ ಹೆದರಿಕೆಯಾಯಿತು.

ಅಷ್ಟರಲ್ಲಿ ಬಾಟಲಿ ಕೇಳಲು ಕಾಕು ಬಂದಳು. ನೀಲಾ ಎಲ್ಲ ಹೇಳಿದಳು.

“ಬೆಳ್ಳಗ ಒಡೀತಾ? ಹಾಲ ಒಡದಂಗ?”

“ಹೌದ್ರಿ ಕಾಕು.”

ಕಾಕು ನನ್ನತ್ತ ತಿರುಗಿದಳು. “ಲೇ ತಮ್ಮಾ, ನಾ ಹಾಕಿಕೊಟ್ಟ ಹಾಲ ಎಲ್ಲಿ ಹೋತು?”

“ಚಹಾಕ್ಕ ಹಾಕ್ಕೊಂಡ್ನಿ.”

“ಬಾಟ್ಲಿ ತೊಳದಿ?”

ನೀಲಾ ನನ್ನನ್ನು ನೋಡಿದಳು. ನಾನು ಗೋಡೆಯನ್ನು ನೋಡಿದೆ.

“ಸುಡ್ಲಿ ನಿನ್ನ ಶಾಣೇತನ! ಆ ಬಾಟ್ಲಿ ಇನ್ನ ನನಗ ಬ್ಯಾಡ, ನೀನ ಇಟ್ಕೋ!”

ಮರುದಿನ ನೀಲಾ ಬೇರೆ ಬಾಟಲಿಯನ್ನು ತಾನೇ ಬಿಸಿನೀರಿನಲ್ಲಿ ತಿಕ್ಕಿ ತೊಳೆದಳು. ನನಗೆ ಮುಟ್ಟಲೂ ಬಿಡಲಿಲ್ಲ. ಈ ಸಲ ಎಷ್ಟು ಕಾಯಿಸಿದರೂ ಕೊಳವೆ ತಿಳಿಯಾಗಿಯೇ ಉಳಿಯಿತು.

“ನಿಂತು ಕೆಲಸ ಮಾಡಿ ಕಾಲು ಬಾತಾವ. ತವರಿಗೆ ಹೋಗಿ ಆರಾಮ ಮಾಡವ್ವಾ” ಎಂದರು ಬಾಯಾರು. ನೀಲಾ ಅಲ್ಲೇ ಕುರ್ಚಿಯ ಮೇಲೆ ಕುಳಿತು ಅತ್ತುಬಿಟ್ಟಳು. ನನ್ನ ಕಣ್ಣೂ ತುಂಬಿದವು.

ಶಲವಡಿ ಬಸ್ಸಿನ ಕಿಟಕಿಯಿಂದ ಅವಳು ನಗುತ್ತ ಕೂಗಿದಳು: “ಎರಡೂ ಬಿಲ್ಲು ಪಾಸ್ ಮಾಡ್ಕೋರಿ ಮತ್ತ!”

ಆದರೆ ಒಂದೇ ಪರೀಕ್ಷೆ ಎರಡು ಸಲ ಆದರೆ ಕಾರಣ ಬರೆಯಲೇಬೇಕು. ನಮ್ಮ ಸಾಹೇಬರು ಕಾರಣ ಕೇಳಿ, ಹೊಟ್ಟೆ ಹಿಡಿದು ನಕ್ಕು, ಮೊದಲನೆಯ ಬಿಲ್ಲನ್ನು ನನ್ನ ಕಡೆಗೇ ಸರಿಸಿದರು.

“ನಿಯಮ ನಿಮಗ ಗೊತ್ತದ. ನೀವ ಬರೀರಿ.”

ಕೆಂಪು ಶಾಯಿಯ ಪೆನ್ನು ತೆಗೆದು ನನ್ನ ಬಿಲ್ಲಿನ ಮೇಲೆ ನಾನೇ ಬರೆದೆ: ‘ಆಕ್ಷೇಪಣೆ. ಸದರಿ ಪರೀಕ್ಷೆ ನಡೆದದ್ದು ಹಾಲಿಗೆ. ನೌಕರನ ಅವಲಂಬಿತರಲ್ಲಿ ಹಾಲು ಸೇರಿರುವುದಿಲ್ಲ. ವಾಪಸ್.’

ಸಂಕೇತ ಮಾತ್ರ ಸರಿಯಾಗಿತ್ತು!