ಆಕಾಶದ ಮೂಲೆಗೆ ಚೆಲ್ಲಿದ ಸಾರು

ನನ್ನ ಷಡ್ಡಕರಿಗೆ ಹುಚ್ಚು ಎಂದು ಹೇಳಿದರೆ ಚಾಡಿಯಾಗುತ್ತದೆ, ಹೇಳದಿದ್ದರೆ ಸುಳ್ಳಾಗುತ್ತದೆ. ಇಡೀ ನೌಕರಿಯುದ್ದಕ್ಕೂ ಮಕ್ಕಳಿಗೆ ಇವೆರಡೂ ಕೂಡದು ಎಂದು ಕಿವಿ ಹಿಂಡಿದ ಕನ್ನಡ ಶಾಲೆ ಮಾಸ್ತರ ನಾನು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಒಪ್ಪಿಸುತ್ತೇನೆ. ತೀರ್ಪು ತಮ್ಮದು.

ಷಡ್ಡಕರೆಂದರೆ ನನ್ನಾಕೆಯ ಅಕ್ಕನ ಯಜಮಾನರು. ಶಿರಸಿ ಪೇಟೆಯಲ್ಲಿ ಅವರದು ಸ್ಟೀಲ್ ಪಾತ್ರೆ ಅಂಗಡಿ, ಮನೆ ಬನವಾಸಿ ರಸ್ತೆಯಲ್ಲಿ. ಹಗಲೆಲ್ಲ ಕೊಳಗ, ಬೋಗುಣಿ, ತಾಟುಗಳ ಮೇಲೆ ಕೊಂಡವರ ಹೆಸರನ್ನು 'ಕಿರ್ರ್' ಎಂದು ಕೊರೆದು ಕೊಡುತ್ತಾರೆ. ಹೀಗೆ ಭೂಲೋಕದ ಸಮಸ್ತ ಪಾತ್ರೆಗಳಿಗೂ ನಾಮಕರಣ ಮಾಡಿ ಮುಗಿಸಿದ ಮೇಲೆ, ಅರವತ್ತು ದಾಟುವ ಹೊತ್ತಿಗೆ, ಅವರ ದೃಷ್ಟಿ ಮೇಲಕ್ಕೆ ಹೋಯಿತು. ಮದುವೆ ಫೋಟೋ ತೆಗೆಯುವುದನ್ನು ಬಿಟ್ಟವರೊಬ್ಬರ ಹಳೇ ಕ್ಯಾಮೆರಾ ಅಗ್ಗಕ್ಕೆ ಸಿಕ್ಕಿತ್ತು. ನೂರಾರು ವಧೂವರರನ್ನು ಕಂಡು ದಣಿದಿದ್ದ ಆ ಕ್ಯಾಮೆರಾಕ್ಕೆ ಇವರು ನಕ್ಷತ್ರ ತೋರಿಸಿದರು. ಅದಕ್ಕೂ ಬಿಡುಗಡೆ ಅನ್ನಿಸಿರಬೇಕು!

ಖರ್ಚಿನ ವಿಷಯದಲ್ಲಿ ಅವರು ಪರಮ ವಿರಕ್ತರು. ಕ್ಯಾಮೆರಾ ನಿಲ್ಲಿಸಲು ನೀರಿನ ಫಿಲ್ಟರ್ ಇಡುವ ಮೂರು ಕಾಲಿನ ಸ್ಟ್ಯಾಂಡು. ಬಿಗಿಯಲು ಸೈಕಲ್ ಟ್ಯೂಬಿನ ರಬ್ಬರು. ಚಳಿಗಾಲದ ನಮ್ಮ ಇಬ್ಬನಿ ಗೊತ್ತಲ್ಲ? ಲೆನ್ಸಿನ ಮೇಲೆ ಕೂತರೆ ನಕ್ಷತ್ರವೆಲ್ಲ ಮಜ್ಜಿಗೆಯಲ್ಲಿ ಅದ್ದಿದಂತೆ ಕಾಣುತ್ತದೆ. ಅದಕ್ಕೆ ಹುರಿದ ಹರಳುಪ್ಪಿನ ಗಂಟನ್ನು ಕಾಲುಚೀಲದಲ್ಲಿ ಹಾಕಿ ಲೆನ್ಸಿಗೆ ಸುತ್ತುತ್ತಾರೆ. ಆರಿದ ಗಂಟು ಬದಲಿಸಲು ಬಿಸಿಬಿಸಿ ಗಂಟುಗಳ ದಾಸ್ತಾನು ಹಾಟ್‌ಬಾಕ್ಸಿನಲ್ಲಿ. ಲೋಕದ ಜನ ಹಾಟ್‌ಬಾಕ್ಸಿನಲ್ಲಿ ಚಪಾತಿ ಒಯ್ಯುತ್ತಾರೆ, ಇವರು ಉಪ್ಪು ಹೊತ್ತು ಟೆರೇಸು ಹತ್ತುತ್ತಾರೆ.

"ಮೊಣಕಾಲು ಬ್ಯಾನಿಗೆ ಅಂತ ಹುರದಕೊಟ್ಟ ಉಪ್ಪರೀ ಅದು!" ಎಂದು ಅಕ್ಕಾರ ದೂರು.

"ಮೊಣಕಾಲು ತಡಕೊಂತಾವ. ಲೆನ್ಸು ತಡಕೊಳ್ಳಂಗಿಲ್ಲ," ಎಂದು ಇವರ ಸಮಜಾಯಿಷಿ.

ಗಂಟುಗಳು ಮುಗಿದವೆಂದರೆ ಷಡ್ಡಕರ ತಪಸ್ಸೂ ಮುಗಿಯಿತು. ಕ್ಯಾಮೆರಾವನ್ನು ಅಲ್ಲೇ ಬಿಟ್ಟು ಇಳಿಯುತ್ತಾರೆ. ಅದು ಬ್ಯಾಟರಿ ಇರುವಷ್ಟು ಹೊತ್ತು ತನ್ನಷ್ಟಕ್ಕೇ ಮಜ್ಜಿಗೆಯ ಫೋಟೋ ತೆಗೆಯುತ್ತಿರುತ್ತದೆ. ಅಂದಹಾಗೆ, ಆ ಟೆರೇಸಿಗೆ ಮೋಟುಗೋಡೆ ಇಲ್ಲ. ಕಟ್ಟಿಸಬೇಕೆಂದಿದ್ದ ವರ್ಷವೇ ಕ್ಯಾಮೆರಾ ಬಂತು.

ಇನ್ನು ಸರ್ವರಿನ ಮಹಿಮೆ. ಒಂದು ರಾತ್ರಿಗೆ ಇನ್ನೂರು ಫೋಟೋ ತೆಗೆದು, ಎಲ್ಲವನ್ನೂ ಒಂದರ ಮೇಲೊಂದು ಹೊಂದಿಸಿ, ಕೊನೆಗೆ ಒಂದೇ ಒಂದು ಮಾಡಬೇಕಂತೆ. ಅಷ್ಟನ್ನೂ ಇಡಲು ಜಾಗ ಬೇಡವೇ? ಪರದೆ ಒಡೆದ ಲ್ಯಾಪ್‌ಟಾಪೊಂದಕ್ಕೆ ಎರಡು ಡಿಸ್ಕು ಜೋಡಿಸಿ, ಟೆರೇಸಿನಿಂದ ವಾಯರು ಇಳಿಬಿಟ್ಟು, ಮನೆಯಲ್ಲೇ ಸರ್ವರು ಸ್ಥಾಪಿಸಿದರು. ಅದರ ಗರ್ಭಗುಡಿ ಟೆರೇಸಿಗೆ ತಾಗಿದ ಹಂಚಿನ ಅಡುಗೆಮನೆಯ ಜಾಳಿಗೆ ಕಪಾಟು. ಮೇಲೆ ಮಾಡಿನಲ್ಲಿ ಹೊಗೆ ಹಿಡಿದು ಕೆಂಪಾದ ಗಾಜಿನ ಹಂಚು, ಪಕ್ಕದಲ್ಲಿ ಮಾವಿನಮಿಡಿ ಉಪ್ಪಿನಕಾಯಿ. "ಗಾಳಿ ಆಡತೈತಿ, ಬೆಕ್ಕು ಹೋಗಂಗಿಲ್ಲ. ದೊಡ್ಡ ದೊಡ್ಡ ಕಂಪನಿಯವರೂ ಇದನ್ನs ಮಾಡ್ತಾರ," ಎಂದು ನನಗೆ ತಿಳಿಹೇಳಿದರು. ದೊಡ್ಡ ಕಂಪನಿಗಳ ಉಪ್ಪಿನಕಾಯಿ ಭರಣಿಗಳ ಬಗ್ಗೆ ನನಗೆ ಮಾಹಿತಿ ಇಲ್ಲ.

"ಹೊಸಾ ಸೊಸಿ ಬಂದಾಳ್ರಿ ಮಾಸ್ತರ," ಎಂದರು ಅಕ್ಕಾರು. "ರಾತ್ರಿ ಎಲ್ಲಾ ಗುರುಗುಟ್ಟತಾಳ, ಮುಂಜಾನೆದ್ದು ಒಂದು ಚಾ ಸುದ್ದಾ ಮಾಡಂಗಿಲ್ಲ."

ನಮ್ಮ ಕಡೆ ಜನಕ್ಕೆ ಸರ್ವರು ಎಂಬ ಶಬ್ದ ಒಂದೇ ಸಂದರ್ಭದಲ್ಲಿ ಪರಿಚಯ: ರೇಷನ್ ಅಂಗಡಿಯಲ್ಲಿ, ಅಕ್ಕಿ ಕೊಡದಿದ್ದಾಗ. ಅಂಥದು ಇವರ ಮನೆಯಲ್ಲೇ ಇದೆಯೆಂಬ ಸುದ್ದಿ ಓಣಿಯಲ್ಲಿ ಹಬ್ಬಿದ ವಾರವೇ ನಾಲ್ಕು ಜನ ಹೆಂಗಸರು ಖಾಲಿ ಚೀಲ ಹಿಡಿದು ಬಂದು ಅಂಗಳದಲ್ಲಿ ನಿಂತರು.

"ಅಣ್ಣಾರ, ನಮ್ಮ ಹೆಬ್ಬೆಟ್ಟು ಯಾಕ ತಗೋವಲ್ದು? ಸರ್ವರು ನಿಮ್ಮನ್ಯಾಗs ಐತಂತಲ್ಲ!"

"ಅದು ಬ್ಯಾರೇರಿ ತಂಗಿ, ಇದರಾಗ ಬರೇ ಚುಕ್ಕಿ ಅದಾವ."

"ಚುಕ್ಕಿ ಇಟ್ಟಗೊಂಡೀರಿ, ಅಕ್ಕಿಗೆ ಜಾಗಾ ಇಲ್ಲೇನು?"

ಈ ಪ್ರಶ್ನೆಗೆ ಉತ್ತರಿಸಬಲ್ಲ ವಿಜ್ಞಾನಿ ಇನ್ನೂ ಹುಟ್ಟಬೇಕು. ಅಕ್ಕಾರು ನಾಲ್ವರಿಗೂ ಚಹಾ ಮಾಡಿ ಕೊಟ್ಟು ಕಳಿಸಿದರು.

ಷಡ್ಡಕರ ಜೀವನದ ಗುರಿ ಒಂದೇ ಫೋಟೋ. ಚಳಿಗಾಲದ ಆಕಾಶದಲ್ಲಿ ಮೂರು ನಕ್ಷತ್ರ ಸಾಲಾಗಿ ನಿಲ್ಲುತ್ತವಲ್ಲ, ಅದರ ಕೆಳಗೊಂದು ಮಸುಕು ಮೋಡವಿದೆಯಂತೆ. ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತವಂತೆ. "ಬಾಣಂತಿ ಕೋಣಿರಿ ಮಾಸ್ತರ! ಬಾಣಂತಿ ಕೋಣಿ!" ಎಂದು ಅವರು ಹೇಳುವಾಗ, ಸ್ವತಃ ಕಷಾಯ ಕುದಿಸಲು ಹೊರಟವರ ಸಂಭ್ರಮ ಮುಖದಲ್ಲಿ. ಮೊದಲ ಚಳಿಗಾಲ ಮುಗಿದ ಮೇಲೆ, ಇನ್ನೂರು ಸೇರಿ ಒಂದಾದ ಫೋಟೋವನ್ನು ಪೇಟೆಯ ಸ್ಟುಡಿಯೋದಲ್ಲಿ ದೊಡ್ಡದಾಗಿ ತೆಗೆಸಲು ಒಯ್ದರು. ಸ್ಟುಡಿಯೋದವನು ಹಿಂದೆ ಮುಂದೆ ಬಾಗಿ ನೋಡಿದ.

"ಚಲೋ ಇದೆ ಮಾರಾಯ್ರೆ. ಆದ್ರೆ ಈ ಮೂಲೇಲಿ ಎಂತ, ಸಾರು ಚೆಲ್ಲಿದ್ದಾ?"

ಹೌದು! ಎಡಗಡೆ ಕೆಳಮೂಲೆಯಲ್ಲಿ ಕೆಂಪಗೆ, ಹಳದಿ ಅಂಚಿನ, ಸಾಕ್ಷಾತ್ ತೊಗರಿಬೇಳೆ ಸಾರಿನ ಕಲೆ. ಬೇರೆ ಬೇರೆ ರಾತ್ರಿಯ ಕೂಡಿಸಿದ ಫೋಟೋಗಳನ್ನು ತೆಗೆದು ನೋಡಿದರೆ ಎಲ್ಲದರಲ್ಲೂ ಅದೇ ಸಾರು. ಷಡ್ಡಕರು ಅಲ್ಲೇ ಪ್ರತಿಜ್ಞೆ ಮಾಡಿದರು: ನಮ್ಮದೇ ಟೆರೇಸಿನಿಂದ ಸಾರಿಲ್ಲದ ಫೋಟೋ ತೆಗೆದೇ ಸಿದ್ಧ. ಅಲ್ಲಿಯತನಕ ಅಂಗಡಿಯ ಗೋಡೆಗೆ ಖಾಲಿ ಚೌಕಟ್ಟು ಮಾತ್ರ. ಗಲ್ಲಾಪೆಟ್ಟಿಗೆಯ ಮೇಲ್ಗಡೆ ತೂಗಿದ ಆ ಖಾಲಿ ಚೌಕಟ್ಟಿಗೆ ಕೈಮುಗಿದವರುಂಟು. "ಯಾವಾಗ ಹೋದ್ರು?" ಎಂದು ದನಿ ತಗ್ಗಿಸಿ ಕೇಳಿದವರುಂಟು. ಹಿರಿಯರೊಬ್ಬರು ಊದುಬತ್ತಿಯನ್ನೇ ಹಚ್ಚಿಟ್ಟು ಹೋದರು.

ಹರಕೆಯೂ ಆಯಿತು. ಯಲ್ಲಾಪುರದ ಚಂದಗುಳಿಗೆ ಹೋಗಿ ಗಂಟೆ ಗಣಪನಿಗೆ, "ಸಾರು ಹೋಗಿಸು, ಗಂಟಿ ಕಟ್ಟತೇನಿ," ಎಂದು ಬೇಡಿಕೊಂಡು ಬಂದರು. ವಿಘ್ನನಿವಾರಕನಿಗೆ ಇಷ್ಟು ನಿರ್ದಿಷ್ಟ ಅರ್ಜಿ ಹಿಂದೆಂದೂ ಬಂದಿರಲಿಕ್ಕಿಲ್ಲ.

ಸಾರು ಕ್ಯಾಮೆರಾದ್ದೋ ಊರಿನದೋ ಎಂದು ಪರೀಕ್ಷಿಸಲು ಒಮ್ಮೆ ಸಿದ್ದಾಪುರದ ಬಿಳಗಿಗೂ ಹೋದೆವು. ನನ್ನ ಕೈಯಲ್ಲಿ ಹಾಟ್‌ಬಾಕ್ಸು. ಬಿಳಗಿ ಹಳೇ ರಾಜಧಾನಿ. ಅಲ್ಲಿ ಕತ್ತಲಾದ ಮೇಲೆ ಪರಸ್ಥಳದ ಇಬ್ಬರು ಮುದುಕರು ಮೂರು ಕಾಲಿನ ಸ್ಟ್ಯಾಂಡು ಹೂಡಿ ಪಿಸುಗುಟ್ಟುತ್ತಿದ್ದರೆ ಊರವರು ಏನೆಂದುಕೊಳ್ಳಬೇಕು? ಹತ್ತು ಹದಿನೈದು ಬ್ಯಾಟರಿಗಳು ನಮ್ಮ ಮುಖದ ಮೇಲೆ ಬಿದ್ದವು.

"ಎಂತ ನಿಧಿ ಹುಡುಕ್ತಾ ಇದ್ರಿ?"

"ನಮ್ಮ ನಿಧಿ ಮ್ಯಾಲ ಐತ್ರಿ," ಎಂದು ಷಡ್ಡಕರು ಆಕಾಶ ತೋರಿಸಿದರು.

"ಹಂಗಾರೆ ಆ ಡಬ್ಬಿ ತೆಗೀರಿ."

ತೆಗೆದೆ. ಬಿಸಿ ಉಪ್ಪು! ಮಂತ್ರವಾದಿಗಳೇ ಸೈ ಎಂದು ಎರಡು ಹೆಜ್ಜೆ ಹಿಂದೆ ಸರಿದರು. ಕ್ಯಾಮೆರಾದಲ್ಲಿ ನಕ್ಷತ್ರ ತೋರಿಸಿದ ಮೇಲೆ ಭಯ ಬಿಟ್ಟು, ಮನೆಗೆ ಕರೆದೊಯ್ದು ಅವಲಕ್ಕಿ ಕೊಟ್ಟರು. ಒಳ್ಳೆಯ ಜನ. ಫೋಟೋದಲ್ಲಿ ಮಾತ್ರ ನಕ್ಷತ್ರಕ್ಕಿಂತ ಬಿಳಗಿಯ ಬ್ಯಾಟರಿಗಳೇ ಸೊಗಸಾಗಿ ಮೂಡಿದ್ದವು. ಆದರೆ ಮೂಲೆಯಲ್ಲಿ ಸಾರು ಇರಲಿಲ್ಲ!

ಅಂದರೆ ಅಪರಾಧಿ ಬನವಾಸಿ ರಸ್ತೆಯಲ್ಲೇ ಇದ್ದಾನೆ. ಮೊದಲ ಗುಮಾನಿ ಪಕ್ಕದ ಮನೆಯ ನಿವೃತ್ತ ಕಂಡಕ್ಟರರ ಮೇಲೆ ಹೋಯಿತು.

"ರಾತ್ರಿ ಲೈಟ್ ಹಚ್ಚತೀರೇನ್ರಿ?"

"ಒಂಬತ್ತಕ್ಕ ಮಕ್ಕೊಂತೇನ್ರಿ ನಾ. ನಿಮ್ಮ ಚುಕ್ಕಿಗೆ ನನ್ನ ಲೈಟು ಅಡ್ಡ ಬಂತಾ? ಹಂಗಾದ್ರ ನಾಳೆ ಸೂರ್ಯಾಗೂ ಒಂದು ನೋಟೀಸ್ ಕೊಡ್ರಿ. ಅಂವನೂ ಟಿಕೆಟ್ ಇಲ್ದs ಬರ್ತಾನ."

ಮುಂದಿನ ಚಳಿಗಾಲದಲ್ಲಿ ಷಡ್ಡಕರು ಸರ್ವರನ್ನೇ ಸಾಕ್ಷಿಗೆ ಕರೆದರು. ಪ್ರತಿ ಫೋಟೋಕ್ಕೂ ಗಂಟೆ ನಿಮಿಷ ನಮೂದಿರುತ್ತದಂತೆ. ಇಲ್ಲಿಯವರೆಗೆ ಕೂಡಿಸಿದ್ದನ್ನಷ್ಟೇ ನೋಡುತ್ತಿದ್ದವರು ಈಗ ಬಿಡಿಬಿಡಿಯಾಗಿ ತೆರೆದರು. ನನ್ನನ್ನು ಅಂಗಡಿಗೆ ಕರೆಸಿ, ಸುತ್ತ ನೋಡಿ, ಕೊಳಗಗಳ ರಾಶಿಯ ಹಿಂದೆ ಕೂರಿಸಿದರು.

"ಮಾಸ್ತರ, ಯಾರೋ ನನ್ನ ಮ್ಯಾಲ ಕಣ್ಣಿಟ್ಟಾರ. ನಾ ಮ್ಯಾಲ ಹತ್ತಿದ ಮ್ಯಾಲ ಸಾರು ಚಾಲೂ ಆಗತೈತಿ. ನಾ ಇಳಿಯಾಕ ಮೆಟ್ಟಿಲ ಮ್ಯಾಲ ಕಾಲಿಟ್ಟ ಕೂಡ್ಲೆ ಬಂದ್! ಆಮ್ಯಾಲ ಏಳೆಂಟು ಫೋಟೋ ಸ್ವಚ್ಛ, ಅಷ್ಟರಾಗ ಇಬ್ಬನಿ ಕುಂದರತೈತಿ. ಒಂದ ದಿನಾ ತಪ್ಪಿಲ್ಲ. ಇದು ಪಕ್ಕಾ ದುಷ್ಮನ್ ಕೆಲಸ."

"ಅಕ್ಕಾರಿಗೆ ಏನಾದರೂ ಸದ್ದು ಕೇಳಿಸಿತ್ತೇ, ವಿಚಾರಿಸಿದಿರಾ?"

"ಆಕಿನೇನು ಕೇಳ್ತೀರಿ! ಇಳದು ಬಂದು ನೋಡಿದ್ರ ಗೊರಕಿ ಹೊಡೀತಿರತಾಳ. ಆಕಾಶ ಹರದು ಬಿದ್ರೂ ಮಗ್ಗಲಾ ಬದಲಿ ಮಾಡಂಗಿಲ್ಲ."

ಅವರು ರಾತ್ರಿಗಳ ತಾರೀಖುಗಳನ್ನು ಓದುತ್ತ ಹೋದಂತೆ ನನ್ನ ಹೊಟ್ಟೆಯಲ್ಲಿ ಏನೋ ಉರಿಯಿತು. ಉರಿಯಿತು ಎಂದದ್ದು ಅಲಂಕಾರವಲ್ಲ. ನಿಜಕ್ಕೂ ನೆನಪಾದದ್ದು ನನ್ನ ಹೊಟ್ಟೆಯುರಿ. ಅಕ್ಕಾರ ಮನೆಯಿಂದ ನಮಗೆ ಆಗಾಗ ಬೆಳ್ಳುಳ್ಳಿ ಚಟ್ನಿಯ ಡಬ್ಬಿ ಬರುತ್ತದೆ. ರೊಟ್ಟಿಗೆ ಅಮೃತ, ನನ್ನ ಜಠರಕ್ಕೆ ಕಾಳಕೂಟ. ನಿವೃತ್ತ ಮಾಸ್ತರನ ದಿನಚರಿಯಲ್ಲಿ ಇನ್ನೇನಿರುತ್ತದೆ? 'ಚಟ್ನಿ ಬಂತು. ಉರಿ.' ಎಂದು ತಪ್ಪದೆ ಬರೆದಿಟ್ಟಿದ್ದೇನೆ. ಮನೆಗೆ ಓಡಿ ತೆರೆದು ನೋಡಿದೆ. ಅಮಾವಾಸ್ಯೆಯ ಆಸುಪಾಸು, ಮೋಡವಿಲ್ಲದ ರಾತ್ರಿಯ ಮರುದಿನ ಚಟ್ನಿ. ಷಡ್ಡಕರಿಗೆ ಜ್ವರ ಬಂದು ಟೆರೇಸು ಹತ್ತದ ವಾರ ಚಟ್ನಿ ಇಲ್ಲ. ಮಳೆಗಾಲದ ನಾಲ್ಕು ತಿಂಗಳು ನನ್ನ ಹೊಟ್ಟೆ ತಣ್ಣಗೆ!

ಮರುದಿನ ಷಡ್ಡಕರು ಅಂಗಡಿಗೆ ಹೋದ ಹೊತ್ತು ನೋಡಿ ಅವರ ಮನೆಗೆ ಹೋದೆ.

"ಅಕ್ಕಾರೇ, ಇಷ್ಟೊಂದು ಬೆಳ್ಳುಳ್ಳಿ ಯಾವಾಗ ಸುಲಿಯುತ್ತೀರಿ?"

ಅವರು ನನ್ನನ್ನು ನೋಡಿದರು. ಆಮೇಲೆ ಅಡುಗೆಮನೆಯ ಗಾಜಿನ ಹಂಚನ್ನು, ಅದರಡಿ ತೂಗುವ ಬಲ್ಬನ್ನು ನೋಡಿದರು. ಸೆರಗಿನಿಂದ ಮುಖ ಒರೆಸಿಕೊಂಡರು.

"ಅವರು ಮ್ಯಾಲಿದ್ದಾಗರಿ. ಸುತ್ತ ಗ್ವಾಡಿ ಇಲ್ಲ, ಕತ್ತಲಾಗ ಮುಖಾ ಮ್ಯಾಲ ಮಾಡಿ ಹಿಂದಕ್ಕ ಹಿಂದಕ್ಕ ನಡೀತಾರ. ಹೆಂಗ ನಿದ್ದಿ ಬರಬೇಕು? ಕೈ ಸುಮ್ನ ಇದ್ರ ಎದಿ ಹೊಡಕೊಂತೈತಿ, ಅದಕ್ಕ ಸುಲೀತಿರತೇನಿ. ಮೆಟ್ಟಲ ಮ್ಯಾಲ ಕಾಲಿನ ಸಪ್ಪಳಾದ ಕೂಡ್ಲೆ ಲೈಟ್ ಆರಿಸಿ ಮಕ್ಕೊಂತೇನಿ."

"ಗೊರಕೆ?"

"ಅದೂ ನಾನs ಹೊಡೀತೇನಿ."

ನನಗೆ ನಗು ಬಂತು. ಅವರು ನಗಲಿಲ್ಲ.

"ನಾ ಎಚ್ಚರಿರತೇನಂತ ಗೊತ್ತಾದ್ರ ಹತ್ತೂದs ಬಿಡ್ತಾರರಿ. ಅದನ್ನ ಬಿಟ್ರ ಅವರು ಹೆಂಗಿರತಾರ, ನೀವs ಹೇಳ್ರಿ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ."

ಕೊಟ್ಟ ಮಾತಿಗೆ ತಪ್ಪುವವನಲ್ಲ ನಾನು. ಒಂದಕ್ಷರ ಬಾಯಿ ಬಿಡಲಿಲ್ಲ. ಆ ಸಂಜೆ ಅಂಗಡಿಗೆ ಹೋದಾಗ ನನ್ನ ದಿನಚರಿಯನ್ನು ಅಲ್ಲೇ ಗಲ್ಲಾಪೆಟ್ಟಿಗೆಯ ಮೇಲೆ ಮರೆತು ಬಂದೆ, ಅಷ್ಟೆ. ವಯಸ್ಸಾಯಿತಲ್ಲ, ಮರೆವು! ಚಟ್ನಿಯ ಸಾಲುಗಳ ಕೆಳಗೆ ಕೆಂಪು ಶಾಯಿಯ ಗೆರೆಗಳೂ ಇದ್ದವು. ಮಾಸ್ತರಿಕೆಯ ಚಟ.

ದಿನಚರಿ ಮೂರು ದಿನ ಬಿಟ್ಟು ವಾಪಸು ಬಂತು. ಮರುವಾರ ಷಡ್ಡಕರ ಮನೆಯ ಮುಂದೆ ಇಟ್ಟಿಗೆ ಬಂದು ಬಿತ್ತು. ಟೆರೇಸಿನ ಸುತ್ತ ಎದೆಮಟ್ಟ ಮೋಟುಗೋಡೆ ಎದ್ದಿತು. ಅಪಾಯ ಕಳೆಯಿತು, ಇನ್ನು ನನ್ನ ಜಠರಕ್ಕೂ ಶಾಂತಿ ಎಂದುಕೊಂಡೆ. ಮುಂದಿನ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ, ಡಬ್ಬಿ!

ಖಾಲಿ ಚೌಕಟ್ಟು ಈಗ ತುಂಬಿದೆ. ಬಾಣಂತಿ ಕೋಣೆ ನಡುವೆ ಗುಲಾಬಿ ಬಣ್ಣದಲ್ಲಿ ಮಿನುಗುತ್ತಿದೆ, ಕೆಳಮೂಲೆಯಲ್ಲಿ ಸಾರು ಚೆಲ್ಲಿದ ಹಾಗೇ ಇದೆ. ಚಂದಗುಳಿಗೂ ಒಂದು ಗಂಟೆ ಹೋಯಿತು. "ಸಾರು ಹೋಗಲಿಲ್ಲವಲ್ಲ, ಮತ್ತೆ ಹರಕೆ ಯಾತರದು?" ಎಂದು ನಾನು ಕೇಳಿದ್ದಕ್ಕೆ, "ಅಂಗಡ್ಯಾಗ ಒಂದು ಉಳದಿತ್ರಿ," ಎಂದರು. ಉಳಿದ ಗಂಟೆಯ ಮೇಲೆ ಅಕ್ಕಾರ ಹೆಸರು ಕೊರೆದದ್ದು ಹೇಗೋ, ಆ ಗಣಪನೇ ಬಲ್ಲ.

ಮೊನ್ನೆ ಗಿರಾಕಿಯೊಬ್ಬರು ಫೋಟೋ ನೋಡಿ, "ಮೂಲ್ಯಾಗ ಏನೋ ಚೆಲ್ಲೈತಲ್ರಿ?" ಎಂದರು. ಷಡ್ಡಕರು ತಾಟಿನ ಮೇಲೆ ಹೆಸರು ಕೊರೆಯುತ್ತಿದ್ದವರು ತಲೆ ಎತ್ತದೆ, "ಉಳದದ್ದೆಲ್ಲಾ ಭಾಳ ದೂರದ್ದರಿ. ಅದೊಂದs ಹತ್ತಿರದ್ದು," ಎಂದರು.

ಹೋದ ಅಮಾವಾಸ್ಯೆಗೆ ನಾನೂ ಹಾಟ್‌ಬಾಕ್ಸು ಹೊತ್ತು ಅವರ ಜೊತೆ ಟೆರೇಸು ಹತ್ತಿದ್ದೆ. ಉಪ್ಪಿನ ಗಂಟುಗಳು ಮುಗಿದವು. ನಾನು ಇಳಿಯಲು ಹೊರಟರೆ ಷಡ್ಡಕರು ನನ್ನ ತೋಳು ಹಿಡಿದು ನಿಲ್ಲಿಸಿದರು. ಮೆಟ್ಟಿಲ ತಲೆಯಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ಎರಡು ಸಲ ಜೋರಾಗಿ ಕೆಮ್ಮಿದರು. ನೀರಿನ ಟ್ಯಾಂಕಿಯ ಆಚೆ, ಗಾಜಿನ ಹಂಚಿನಿಂದ ಮೇಲೇಳುತ್ತಿದ್ದ ಕೆಂಪು ಬೆಳಕು ಪಟ್ಟನೆ ಆರಿತು.

"ಈಗ ಹೋಗೋಣವೇ?" ಎಂದೆ.

"ತಡೀರಿ ಮಾಸ್ತರ," ಎಂದು ಪಿಸುಗುಟ್ಟಿದರು. "ಅವಸರ ಮಾಡಬ್ಯಾಡ್ರಿ. ಪಾಪ, ಹೊದಿಕಿ ಹೊಚಗೊಂಡು ಗೊರಕಿ ಚಾಲೂ ಮಾಡಾಕ ಒಂದೀಟು ಟೈಮ್ ಬೇಕಾಗತೈತಿ ಆಕಿಗೆ."