ಗೊಂಬೆ ಕಚ್ಚುವ ಮೈದುನ

ನಮ್ಮ ಮೈದುನ ಇವತ್ತಿನವರೆಗೆ ಯಾವ ಮನುಷ್ಯನನ್ನೂ ಕಚ್ಚಿದವನಲ್ಲ. ಗೊಂಬೆಗಳನ್ನು ಮಾತ್ರ ಕಚ್ಚುತ್ತಾನೆ!

ಗಾಬರಿಯಾಗಬೇಡಿ. ಹುಷಾರಾಗಿಯೇ ಇದ್ದಾನೆ. ವಯಸ್ಸು ನಲವತ್ತೆಂಟು. ಸಕಲೇಶಪುರದ ಕಾಫಿ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಸ್ಯಾಂಪಲ್ ನೋಡುವ ಕೆಲಸ. ಬೀಜವನ್ನು ಹಲ್ಲಿನಲ್ಲಿ ಕಡಿದು "ಇನ್ನೂ ಎರಡು ಬಿಸಿಲು ಬೇಕು" ಎಂದನೆಂದರೆ, ಎಂಥ ಎಸ್ಟೇಟಿನ ಸಾಹುಕಾರರೂ ಮರುಮಾತಾಡದೆ ಮೂಟೆ ವಾಪಸ್ ಒಯ್ಯುತ್ತಾರೆ. ಮನೆಗೆ ಬಂದ ಮೇಲೆ ಅದೇ ಹಲ್ಲು ರೋಬೋಟ್ ಗೊಂಬೆಗಳ ಮೇಲೆ ತಿರುಗುತ್ತದೆ.

ಏನು ಗೊಂಬೆ ಅಂತೀರಾ? ಲಾರಿಯನ್ನು ಹತ್ತು ಕಡೆ ಮಡಚಿ ತಿರುಚಿದರೆ ರೋಬೋಟ್ ಮನುಷ್ಯ ಎದ್ದು ನಿಲ್ಲುತ್ತಾನೆ. ಮತ್ತೆ ಮಡಚಿದರೆ ಲಾರಿ. ಇಂಥವು ಅವನ ಬೀರು ತುಂಬ ಇವೆ. ನಮ್ಮನೆಯವರು, ಅಂದರೆ ಅವನ ಅಣ್ಣ, ಊಟಕ್ಕೆ ಕೂತಾಗಲೆಲ್ಲ ಅಣಕಿಸುತ್ತಾರೆ.

"ಮದ್ವೆ ಆಗೋ ಅಂದ್ರೆ ಆಟದ ಸಾಮಾನು ತಂದು ಮಡಗ್ಬುಟ್ಟ ನೋಡು!"

"ಇದನ್ನ ಹೆಂಗ್ ಬೇಕಾದ್ರೂ ತಿರುಗಿಸ್ಬೋದು ಕಣಣ್ಣ. ನಿನ್ನನ್ನ ಸೋಫಾದಿಂದ ಏಳ್ಸಕ್ಕೂ ಆಗಲ್ಲ."

ನಾನು ಸಾರು ಬಡಿಸುತ್ತಲೇ ಮನಸ್ಸಿನಲ್ಲೇ ದೇವರಿಗೆ ಕೈಮುಗಿಯುತ್ತೇನೆ. ಮೈದುನನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಒರಟು ಮಾತಿಲ್ಲ. ಕಚ್ಚುವುದೊಂದು ತಾನೇ? ಇರಲಿ ಬಿಡಿ.

ಹಳೆಯ ಗೊಂಬೆಯ ಮೇಲೆ ಕಾರ್ಖಾನೆಯ ಬಣ್ಣವೇ ಇರಬೇಕಂತೆ. ಯಾರಾದರೂ ಮೇಲೆ ಹೊಸ ಬಣ್ಣ ಬಳಿದರೋ, ಅದರ ಮರ್ಯಾದೆ ಹೋಯಿತು! ಈ ಎರಡನೇ ಬಣ್ಣವನ್ನು ಹಲ್ಲಿನಲ್ಲಿ ಕಚ್ಚಿಯೇ ಪತ್ತೆಹಚ್ಚುವುದರಲ್ಲಿ ಮೈದುನ ಎತ್ತಿದ ಕೈ. ಒಮ್ಮೆ ಮಂಗಳೂರಿನವರೊಬ್ಬರು ತಾವು ಕೊಂಡ ಗೊಂಬೆ ಅಸಲಿಯೇ ಎಂದು ತೋರಿಸಲು, ಅದರ ಡಬ್ಬಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಘಾಟಿ ಹತ್ತಿ, ಬಾಳ್ಳುಪೇಟೆಯಲ್ಲಿ ಇಳಿದು ನಮ್ಮ ಮನೆ ಹುಡುಕಿಕೊಂಡು ಬಂದರು. ಮೈದುನ ಗೊಂಬೆಯನ್ನು ಮೂಸಿದ. ಕಾಲು ಕಚ್ಚಿದ. ಕೈಯೆತ್ತಿಸಿ ಕಂಕುಳಿಗೆ ಟಾರ್ಚ್ ಬಿಟ್ಟ.

"ತಲೆ ಒಂದರದ್ದು, ಕಾಲು ಇನ್ನೊಂದರದ್ದು, ಬಣ್ಣ ಯಾವ್ದೋ ಗ್ಯಾರೇಜಿಂದು ಸಾರ್."

"ಒರಿಜಿನಲ್ ಅನ್ನೋದು ಏನೂ ಇಲ್ವಾ?"

"ಐತಲ್ಲ! ಡಬ್ಬಿ."

ಆ ಮನುಷ್ಯನ ಮುಖ ನೋಡಲಾಗಲಿಲ್ಲ. ಮೂರು ಅಕ್ಕಿರೊಟ್ಟಿ ಹಾಕಿದೆ. ನಾಲ್ಕನೆಯದನ್ನು ಅವರೇ ಕೇಳಿದಾಗ, ಸದ್ಯ, ಬದುಕಿಕೊಂಡರು ಅಂದುಕೊಂಡೆ.

ಇಂಥವನ ಬೀರುವಿನ ಬೀಗದಕೈ, ಅವನನ್ನು ಬಿಟ್ಟರೆ, ಇಡೀ ಮನೆಯಲ್ಲಿ ನನ್ನೊಬ್ಬಳ ಹತ್ತಿರ ಇದೆ. ಅಣ್ಣನಿಗೂ ಕೊಟ್ಟಿಲ್ಲ. "ಅತ್ಗೆ ಮುಟ್ಟಿದ್ರೆ ಭಯ ಇಲ್ಲ" ಎನ್ನುತ್ತಾನೆ. ಆ ನಂಬಿಕೆಗೆ ನಾನು ಮಾಡಿದ ಕೆಲಸ ಕೇಳಿ.

ಎರಡು ವರ್ಷದ ಹಿಂದಿನ ಆಯುಧಪೂಜೆ. ಮೈದುನ ಕೆಲಸದ ಮೇಲೆ ಊರಲ್ಲಿರಲಿಲ್ಲ. ಜೀಪು, ಮಿಕ್ಸಿ, ಕಳೆ ಹೊಡೆಯುವ ಮೆಷಿನ್ನು, ಈಳಿಗೆಮಣೆ ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟಾಗಿತ್ತು. ಆಗ ನೆನಪಾಯಿತು ಬೀರುವಿನ ಕೆಂಪು ಲಾರಿ! ಅವನು ಮೊದಲ ಸಂಬಳದಲ್ಲಿ ಕೊಂಡದ್ದು, ಜೀವಕ್ಕಿಂತ ಹೆಚ್ಚು. ಮನೆಯ ವಾಹನಗಳಿಗೆಲ್ಲ ಪೂಜೆಯಾಗಿ ಇದೊಂದು ಕತ್ತಲೆಯಲ್ಲಿ ಕೂತರೆ ದೇವರು ನನ್ನನ್ನು ಕೇಳುವುದಿಲ್ಲವೇ?

ತೆಗೆದೆ. ರೋಬೋಟಾಗಿ ನಿಂತಿತ್ತು. ಲಾರಿ ಮಾಡಲು ನನಗೆ ಬಾರದು. ಮೈತುಂಬ ಧೂಳು. ದೀಪದ ಕಂಬ ತೊಳೆಯುವ ಹಾಗೆ ಹುಣಸೆಹಣ್ಣು, ಬೂದಿ ಹಾಕಿ ಚೆನ್ನಾಗಿ ಉಜ್ಜಿದೆ. ಉಜ್ಜಿದ್ದೇ ತಡ, ಎದೆಯ ಕೆಂಪೆಲ್ಲ ನನ್ನ ಅಂಗೈಗೆ ಬಂತು!

ತುಳಸಿಕಟ್ಟೆಗೆ ಬಳಿದು ಉಳಿದಿದ್ದ ಕೆಂಪು ಪೇಂಟ್ ಹುಡುಕಿ, ಬ್ರಷ್ ಸಿಗದೆ, ದೀಪದ ಬತ್ತಿಯನ್ನೇ ಅದ್ದಿ ಬಳಿದೆ. ಸಂದುಗೊಂದು ಬಿಡಲಿಲ್ಲ. ಒಣಗಿದ ಮೇಲೆ ಹೂವಿಟ್ಟು, ಎರಡು ಪಾದದ ಕೆಳಗೆ ಎರಡು ನಿಂಬೆಹಣ್ಣಿಟ್ಟು, ಮಂಗಳಾರತಿ ಎತ್ತಿ, ಬೀರುವಿಗೆ ಸೇರಿಸಿದೆ. ಹಣೆಯ ಕುಂಕುಮ ಒರೆಸಲು ಮನಸ್ಸು ಬರಲಿಲ್ಲ. "ದೇವರೇ, ಅವನ ಕನ್ನಡಕದ ನಂಬರ್ ಸ್ವಲ್ಪ ಏರಲಿ" ಎಂದು ಬೇಡಿಕೊಂಡೆ. ಛೆ, ಇದೆಂಥ ಬೇಡಿಕೆ ಎನ್ನಿಸಿ ಆಮೇಲೆ ತಪ್ಪುಕಾಣಿಕೆಯನ್ನೂ ಹಾಕಿದೆ.

ಮೈದುನ ಬಂದ. ಬೀರು ತೆಗೆದ. ಮುಚ್ಚಿದ. ಏನೂ ಅನ್ನಲಿಲ್ಲ! ತಿಂಗಳುಗಟ್ಟಲೆ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಆಮೇಲೆ, ಸುಳ್ಳೇಕೆ ಹೇಳಲಿ, ಇಂಥ ಪಂಡಿತನ ಕಣ್ಣಿಗೇ ಮಣ್ಣೆರಚಿದೆನಲ್ಲ ಎಂದು ಒಂದಿಷ್ಟು ಜಂಬವೂ ಬಂತು.

ಮೊನ್ನೆ ಭಾನುವಾರ ಮೈಸೂರಿನಿಂದ ಒಬ್ಬರು ಬಂದರು. ಅವರದ್ದೂ ಇದೇ ಹುಚ್ಚು. ನೇರವಾಗಿ ಕೆಂಪು ಲಾರಿಗೇ ಕೈಹಾಕಿದರು. ನಾನು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ.

"ಇದೇನು ಸಾರ್, ಮಡಚೋಕೇ ಬರ್ತಿಲ್ಲ? ಕೀಲುಗಳಿಗೆಲ್ಲ ಪೇಂಟ್ ಅಂಟಿದೆ. ರೀಪೇಂಟ್ ಅಲ್ವಾ ಇದು?"

ನಾನು ತಟ್ಟೆಯನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟೆ.

"ಹೌದು" ಎಂದ ಮೈದುನ, ತಣ್ಣಗೆ.

"ನನಗೆ ಕೊಡಿ. ಥಿನ್ನರ್ ಹಾಕಿ ಒಂದೇ ದಿನದಲ್ಲಿ ತೆಗೆದುಕೊಡ್ತೀನಿ. ಯಾರೋ ಏನೂ ತಿಳೀದೋರು ಹಾಳು ಮಾಡಿದಾರೆ."

ಮೈದುನ ಗೊಂಬೆಯನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ. "ಬ್ಯಾಡಿ ಸಾರ್. ಅದು ನಮ್ಮತ್ಗೆ ಹೊಡ್ದಿರೋ ಬಣ್ಣ."

ನಾನು ಅಡುಗೆಮನೆ ಸೇರಿದವಳು ಅವರು ಹೋಗುವವರೆಗೆ ಆಚೆ ಬರಲಿಲ್ಲ. ಆಮೇಲೆ ಮೈದುನನೇ ಒಳಗೆ ಬಂದ. ನಾನು ಹಾಲಿನ ಪಾತ್ರೆಯ ಕಡೆಗೇ ನೋಡುತ್ತ ಕೇಳಿದೆ.

"ಯಾವಾಗ ಗೊತ್ತಾಯ್ತು ಮಾರಾಯ?"

"ಬೀರು ತೆಗ್ದ ತಕ್ಷಣ. ಹಣೆ ಮೇಲೆ ಕುಂಕುಮ ಇತ್ತಲ್ಲ ಅತ್ಗೆ!"

"ಸಿಟ್ಟು ಬರ್ಲಿಲ್ವೇನೋ?"

"ಬರ್ದೆ ಇರ್ತೈತಾ? ಮೂರ್ ದಿನ ಊಟ ಸೇರ್ಲಿಲ್ಲ. ಪಲ್ಯಕ್ಕೆ ಉಪ್ಪು ಕಮ್ಮಿ ಆಯ್ತೇನೋ ಅಂತ ನೀವು ಕೇಳ್ತಾನೇ ಇದ್ರಿ."

ಇಬ್ಬರೂ ನಕ್ಕೆವು. ಅವನು ನೆಲ ನೋಡುತ್ತ ಹೇಳಿದ.

"ಊರೋರೆಲ್ಲ ಇದನ್ನ ಆಟದ ಸಾಮಾನು ಅಂತಾರೆ. ಅಣ್ಣನೂ ಅಂತಾನೆ. ಇದೂ ಈ ಮನೆ ಗಾಡಿ ಅಂತ ಪೂಜೆ ಮಾಡ್ದೋರು ನೀವೊಬ್ರೇ ಕಣತ್ಗೆ. ಆ ಬಣ್ಣ ನಾ ಹೆಂಗ್ ತೆಗೀಲಿ?"

ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು. ನಾನು ಎದುರಿಗೇ ನಿಂತು ನೋಡುತ್ತಿದ್ದೆ. ಆರಿಸಬೇಕೆಂದು ಹೊಳೆಯಲೇ ಇಲ್ಲ.